ಲಾಗ್‌ನಲ್ಲಿ ಬಾರದವರು

ಮೂರು ರಾತ್ರಿ ನನ್ನ ವಿಮಾನ ಎಡಕ್ಕೇ ಎಳೀತಿತ್ತು.

ವಿಮಾನ ಅಂದ್ರೆ ನಿಜವಾದದ್ದಲ್ಲ. ನಮ್ಮ ಬಾಡಿಗೆ ಮನೆಯ ಸಣ್ಣ ರೂಮಿನಲ್ಲಿ ಆಫೀಸಿನ ಲ್ಯಾಪ್‌ಟಾಪ್ ಪಕ್ಕಕ್ಕೆ ಇನ್ನೊಂದು ಕಂಪ್ಯೂಟರ್ ಇದೆ. ಟೇಬಲ್ಲಿನ ಅಂಚಿಗೆ ಜಾಯ್‌ಸ್ಟಿಕ್, ಎಡಗೈಗೆ ಥ್ರಾಟಲ್, ಕೆಳಗೆ ಕಾಲಿಗೆ ಪೆಡಲ್. ಇದು ನನ್ನ ವಾಯುನೆಲೆ. ಹಾರಿಸೋದು ಡಿಸಿಎಸ್ ವರ್ಲ್ಡ್ ಅನ್ನೋ ಯುದ್ಧವಿಮಾನದ ಸಿಮ್ಯುಲೇಟರ್. ಅದರ ಜೊತೆ ಪುಕ್ಕಟೆ ಸಿಗೋ ಟಿಎಫ್-51ಡಿ ಅನ್ನೋ ವಿಮಾನ ಇದೆ. ಎರಡನೇ ಮಹಾಯುದ್ಧದ ಮಸ್ಟಾಂಗ್ ವಿಮಾನದ ಬಂದೂಕಿಲ್ಲದ ತರಬೇತಿ ರೂಪ. ಕಲಿಯೋಣ ಅಂತ ಅದರಿಂದಲೇ ಶುರು ಮಾಡಿದೆ. ಥ್ರಾಟಲ್ ಮುಂದಕ್ಕೆ ತಳ್ಳಿದರೆ ಸಾಕು, ವಿಮಾನ ರನ್‌ವೇ ಬಿಟ್ಟು ಎಡಗಡೆಯ ಹುಲ್ಲಿಗೆ ಹೋಗಿ, ರೆಕ್ಕೆ ನೆಲಕ್ಕೆ ತಾಗಿಸಿ ಮಗುಚಿಕೊಳ್ಳೋದು.

ನಾನು ಹತ್ತು ವರ್ಷದಿಂದ ಪ್ರೊಡಕ್ಷನ್ ಬಗ್ ಹುಡುಕ್ತಿರೋನು. ತಪ್ಪು ಎಲ್ಲಿದೆ ಅಂತ ಪತ್ತೆ ಹಚ್ಚೋದೇ ನನಗೆ ಸಂಬಳ. ಹಾಗಾಗಿ ಕ್ರಮವಾಗಿ ಹೋದೆ. ಮೊದಲು ಜಾಯ್‌ಸ್ಟಿಕ್ ಕ್ಯಾಲಿಬ್ರೇಟ್ ಮಾಡಿದೆ. ಆಮೇಲೆ ಡೆಡ್‌ಝೋನ್ ಹೆಚ್ಚಿಸಿದೆ, ಅಂದ್ರೆ ಕಡ್ಡಿ ನಡುವಿನಲ್ಲಿದ್ದಾಗ ಸಣ್ಣಪುಟ್ಟ ಅಲುಗಾಟವನ್ನ ಲೆಕ್ಕಕ್ಕೆ ತಗೋಬೇಡ ಅಂತ ಹೇಳೋದು. ಆಮೇಲೆ ಡಬಲ್ ಬೈಂಡಿಂಗ್ ನೋಡಿದೆ. ಈ ಸಿಮ್ಯುಲೇಟರಿಗೆ ಒಂದು ಚಾಳಿ ಇದೆ: ಹೊಸ ಸಾಧನ ಸಿಕ್ಕಿಸಿದ ತಕ್ಷಣ ಅದರ ಅಕ್ಷಗಳಿಗೆ ತಾನೇ ಕೆಲಸ ಹಂಚಿಬಿಡುತ್ತೆ. ಒಂದೇ ರಡ್ಡರಿಗೆ ಪೆಡಲ್ಲೂ ಯಜಮಾನ, ಜಾಯ್‌ಸ್ಟಿಕ್ಕೂ ಯಜಮಾನ. ಅದನ್ನೂ ಅಳಿಸಿದೆ. ಹಾರುವಾಗ ಮಧ್ಯದಲ್ಲೇ ಪೆಡಲ್ ಸತ್ತುಹೋಗ್ತಿದೆಯೇನೋ ಅಂತ, ವಿಂಡೋಸ್ ಕರೆಂಟ್ ಉಳಿಸೋಕೆ ಯುಎಸ್‌ಬಿಯನ್ನ ಮಲಗಿಸೋ ಸೆಟ್ಟಿಂಗನ್ನೂ ಬಂದ್ ಮಾಡಿದೆ.

ವಿಮಾನ ಎಡಕ್ಕೇ ಹೋಯಿತು.

ಮೂರನೇ ರಾತ್ರಿ ಕೊನೆಗೆ ಮ್ಯಾನ್ಯುಯಲ್ ತೆರೆದೆ. ನಮ್ಮ ವೃತ್ತಿಯವರು ಎಲ್ಲದರ ಕೊನೆಗೆ ಮಾಡೋ ಕೆಲಸ ಅದು. ತಪ್ಪು ಎಲ್ಲೂ ಇರಲಿಲ್ಲ. ನಿಜವಾದ ಮಸ್ಟಾಂಗ್ ಕೂಡ ಎಡಕ್ಕೇ ಎಳೆಯುತ್ತೆ. ಪೈಲಟ್ ಸೀಟಿನಿಂದ ನೋಡಿದರೆ ಪ್ರೊಪೆಲ್ಲರ್ ಬಲಕ್ಕೆ, ಗಡಿಯಾರದ ಮುಳ್ಳಿನಂತೆ ಸುತ್ತುತ್ತೆ. ಅದಕ್ಕೆ ಪ್ರತಿಯಾಗಿ ಒಡಲು ಎಡಕ್ಕೆ ತಿರುಗೋಕೆ ನೋಡುತ್ತೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳಿದ ಗಾಳಿ ಸುರುಳಿ ಸುತ್ತಿಕೊಂಡು ಬಂದು ಬಾಲಕ್ಕೆ ಎಡಗಡೆಯಿಂದ ಬಡಿಯುತ್ತೆ. ಅದಕ್ಕೇ ಪೈಲಟ್‌ಗಳು ಹೊರಡೋಕೆ ಮುಂಚೆ ರಡ್ಡರ್ ಟ್ರಿಮ್ಮನ್ನ ಬಲಕ್ಕೆ 6 ಡಿಗ್ರಿ ಇಡ್ತಿದ್ರು. ಕಡ್ಡಿಯನ್ನ ಹೊಟ್ಟೆ ಕಡೆಗೆ ಎಳೆದು ಹಿಡಿದರೆ ಬಾಲದ ಚಕ್ರ ಲಾಕ್ ಆಗಿ ವಿಮಾನ ನೆಟ್ಟಗೆ ಓಡುತ್ತೆ. ಥ್ರಾಟಲ್ ನಿಧಾನಕ್ಕೆ ಕೊಡಬೇಕು, ಬಲಗಾಲು ಸದಾ ಎಚ್ಚರ ಇರಬೇಕು.

ನಾನು ಮೂರು ರಾತ್ರಿ ರಿಪೇರಿ ಮಾಡೋಕೆ ಹೊರಟಿದ್ದು ಭೌತಶಾಸ್ತ್ರವನ್ನ.

ಸರಿ, ಇಲ್ಲಿಗೆ ಕತೆ ಮುಗಿದಿದ್ರೆ "ಮ್ಯಾನ್ಯುಯಲ್ ಓದಿ" ಅನ್ನೋ ನೀತಿಪಾಠ ಆಗಿರೋದು. ಆದರೆ ಆದದ್ದು ಇನ್ನೂ ಇದೆ. ಈ ಪಾಠ ಕಲಿತ ಮೇಲೆ ನಾನು ವಿನಯವಂತನಾದೆ. ವಿಮಾನ ಏನು ಮಾಡಿದರೂ "ಇದು ರಿಯಲಿಸಂ" ಅಂತ ಒಪ್ಪಿಕೊಳ್ಳೋಕೆ ಶುರು ಮಾಡಿದೆ. ಎತ್ತರದಲ್ಲಿ ನೆಟ್ಟಗೆ ಹಾರುವಾಗ ಮೂಗು ಆಗಾಗ ಸಣ್ಣಗೆ ಜಿಗಿಯೋದು. ಗಾಳಿಯ ಏರುಪೇರು, ಎಂಥ ಸೂಕ್ಷ್ಮವಾಗಿ ಮಾಡಿದ್ದಾರಪ್ಪಾ ಅಂತ ಮೆಚ್ಚಿಕೊಂಡೆ. ಎರಡು ವಾರ ಮೆಚ್ಚಿಕೊಂಡೆ. ಒಂದು ಭಾನುವಾರ ಬೇರೆ ಏನೋ ಹುಡುಕ್ತಾ ವಿಂಡೋಸಿನ ಕ್ಯಾಲಿಬ್ರೇಷನ್ ಪರದೆ ತೆರೆದರೆ, ಕೈ ಮುಟ್ಟದಿದ್ದರೂ ಆ ಪುಟ್ಟ ಗುರುತು ಕುಣೀತಿದೆ. ಜಾಯ್‌ಸ್ಟಿಕ್ ಒಳಗಿನ ಪೊಟೆನ್ಷಿಯೋಮೀಟರಿಗೆ ಧೂಳು ಹಿಡಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಸಿಂಪಡಿಸಿದೆ. ಆಕಾಶ ಶಾಂತವಾಯಿತು.

ಮೊದಲು ನಿಜವನ್ನ ತಪ್ಪು ಅಂದುಕೊಂಡೆ. ಆಮೇಲೆ ತಪ್ಪನ್ನ ನಿಜ ಅಂದುಕೊಂಡೆ. ಎರಡಕ್ಕೂ ಕಾರಣ ಒಂದೇ: ನಾನು ಯಾವತ್ತೂ ವಿಮಾನ ಹಾರಿಸಿಲ್ಲ. ಅಸಲು ಗೊತ್ತಿಲ್ಲದವನು ನಕಲು ಎಷ್ಟು ಚೆನ್ನಾಗಿದೆ ಅಂತ ಹೇಗೆ ಹೇಳ್ತಾನೆ? ಆವತ್ತಿನಿಂದ ಈ "ರಿಯಲಿಸಂ" ಅನ್ನೋ ಪದ ನನ್ನನ್ನ ಕಾಡ್ತಾ ಇದೆ.

ಈ ಹವ್ಯಾಸದವರಿಗೆ ಆ ಪದದ ಮೇಲೆ ಇರೋ ಭಕ್ತಿ ಹೊರಗಿನವರಿಗೆ ಅರ್ಥ ಆಗಲ್ಲ. 1998ರ ಡಿಸೆಂಬರಿನಲ್ಲಿ ಫಾಲ್ಕನ್ 4.0 ಅನ್ನೋ ಎಫ್-16 ಸಿಮ್ಯುಲೇಟರ್ ಬಂತು. ನೂರಾರು ಪುಟದ ಮ್ಯಾನ್ಯುಯಲ್ಲು, ಜೊತೆಗೆ ಕಂತೆಗಟ್ಟಲೆ ಬಗ್ಗು. 2000ದಲ್ಲಿ ಅದರ ಸೋರ್ಸ್ ಕೋಡ್ ಸೋರಿಹೋಯಿತು. ಅಲ್ಲಿಂದ ಹವ್ಯಾಸಿಗಳು ಅದನ್ನ ತಿದ್ದುತ್ತಾ ಬಂದರು. ಫಾಲ್ಕನ್ ಬಿಎಂಎಸ್ ಅನ್ನೋ ಹೆಸರಲ್ಲಿ ಅದಿನ್ನೂ ಬದುಕಿದೆ. 2001ರಲ್ಲಿ ರಷ್ಯಾದಿಂದ ಬಂದ ಐಎಲ್-2 ಸ್ಟುರ್ಮೊವಿಕ್‌ನಲ್ಲಿ ರಿಯಲಿಸಮ್ಮಿಗೆ ಸಾಲು ಸಾಲು ಸ್ವಿಚ್ಚುಗಳಿದ್ದವು. ಎಂಜಿನ್ ಬಿಸಿಯಾಗಬೇಕಾ? ಸ್ಟಾಲ್ ಆಗಬೇಕಾ? ಜಿ ಹೆಚ್ಚಾದಾಗ ಕಣ್ಣು ಕತ್ತಲಿಡಬೇಕಾ? ಎಲ್ಲಾ ಆನ್ ಮಾಡಿದವನು "ಫುಲ್ ರಿಯಲ್" ಆಟಗಾರ, ಅವನಿಗೆ ಬೇರೆಯೇ ಗತ್ತು. ಡಿಸಿಎಸ್‌ನಲ್ಲಂತೂ ಕಾಕ್‌ಪಿಟ್ಟಿನ ಸ್ವಿಚ್ಚುಗಳನ್ನ ಮೌಸಿನಿಂದ ಒಂದೊಂದಾಗಿ ಒತ್ತಿ, ಬ್ಯಾಟರಿಯಿಂದ ಶುರು ಮಾಡಿ ಎಂಜಿನ್ ಎಬ್ಬಿಸಬೇಕು.

ನಾನೂ ಎಲ್ಲಾ ಆನ್ ಮಾಡ್ದೆ. ಅಮರತ್ವ ಆಫ್, ಮುಗಿಯದ ಇಂಧನ ಆಫ್, ಟೇಕಾಫ್ ಅಸಿಸ್ಟೆನ್ಸ್ ಸೊನ್ನೆ. ಜೋರಾಗಿ ತಿರುಗಿಸಿದರೆ ಪರದೆ ಅಂಚಿನಿಂದ ಕಪ್ಪಾಗುತ್ತಾ ಬರುತ್ತೆ, ಹೆಡ್‌ಫೋನಿನಲ್ಲಿ ಏದುಸಿರು ಕೇಳುತ್ತೆ. ಟೇಬಲ್ ಮೇಲಿನ ಚಹಾ ಮಾತ್ರ ಅಲುಗಾಡಲ್ಲ.

ನಮ್ಮೂರು ಬೀದರ್ ಜಿಲ್ಲೆಯ ಒಂದು ಹಳ್ಳಿ. ಅಲ್ಲಿಯವರಿಗೆ ವಿಮಾನ ಹೊಸದಲ್ಲ. ಬೀದರಿನ ವಾಯುನೆಲೆಯಲ್ಲಿ ಪೈಲಟ್ ತರಬೇತಿ ನಡೆಯುತ್ತೆ. ನಾನು ಶಾಲೆಗೆ ಹೋಗ್ತಿದ್ದ ಕಾಲಕ್ಕೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಕಿರಣ್ ವಿಮಾನಗಳು ಅಲ್ಲಿದ್ದವು. 1996ರಲ್ಲಿ ಹುಟ್ಟಿದ ಸೂರ್ಯಕಿರಣ್ ತಂಡವೂ ಅಲ್ಲಿನದೇ. ತೊಗರಿ ಹೊಲದ ಮೇಲೆ ಅವು ಹಾದುಹೋದರೆ ನಾವು ಹುಡುಗರು "ಇಮಾನಾ ಇಮಾನಾ" ಅಂತ ಬದುವಿನ ಗುಂಟ ಓಡ್ತಿದ್ವಿ. ನನ್ನ ತಲೆಗೆ ಈ ಹುಚ್ಚು ಹತ್ತಿದ್ದು ಆ ಬದುವಿನ ಮೇಲೇ.

ನಮ್ಮ ಆಯಿ, ಅಂದ್ರೆ ಅಜ್ಜಿ, ಓಡ್ತಿರಲಿಲ್ಲ. ಜ್ವಾಳ ಕೇರ್ತಾ ಕೂತಿದ್ರೆ ಮೊರ ತೊಡೆ ಮೇಲೆ ಇಟ್ಟು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡೋಳು. ಸದ್ದು ಪೂರ್ತಿ ಕರಗೋ ತನಕ ನೋಡೋಳು. ಆಮೇಲೆ ಪ್ರತಿ ಸಲ ಅದೇ ಮಾತು: "ಯಾರ ಮಗನೋ ಏನೋ. ಸುಖಾಗಿ ಇಳೀಲಿ ಯಪ್ಪಾ."

ನಾನೊಮ್ಮೆ ಕೇಳಿದ್ದೆ: "ಆಯಿ, ನಿನಗ ಅಂವ ಯಾರಂತ ಗೊತ್ತದನು?"

"ಗೊತ್ತಿರಬೇಕೇನೋ? ಅಷ್ಟ್ ಮ್ಯಾಲ ಕುಂತಾನ, ಕೆಳಗ ಅವ್ವ ಇರ್ತಾಳಲ್ಲ."

ಆಯಿ ಹೋಗಿ ಹದಿನಾಲ್ಕು ವರ್ಷ ಆಯ್ತು. ಈ ಮಾತು ನನಗೆ ಮರೆತೇಹೋಗಿತ್ತು. ಅದು ನೆನಪಾಗಿದ್ದು 2025ರ ಸೆಪ್ಟೆಂಬರ್ 26ರ ರಾತ್ರಿ.

ಆವತ್ತು ಚಂಡೀಗಢದಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತ್ತು. 1963ರಲ್ಲಿ ಸೇರಿದ ವಿಮಾನ, ಅರವತ್ತೆರಡು ವರ್ಷದ ಸೇವೆ. ಡಿಸಿಎಸ್‌ನಲ್ಲಿ ಮಿಗ್-21 ಬಿಸ್ ಕೂಡ ಇದೆ, ನಾನು ಅಷ್ಟರಲ್ಲಿ ಅದನ್ನ ಕೊಂಡಿದ್ದೆ. ನಾನೂ ನನ್ನ ಮಟ್ಟಿಗೆ ಒಂದು ವಿದಾಯ ಹೇಳೋಣ ಅಂತ, ಊಟ ಆದ ಮೇಲೆ ಕೂತೆ. ಜಾಗ ಜಾರ್ಜಿಯಾ, ಕಪ್ಪು ಸಮುದ್ರದ ದಂಡೆ. ಸಿಮ್ಯುಲೇಟರಿನ ಜೊತೆ ಬರೋ ನಕ್ಷೆ ಅದೇ. ಬಟೂಮಿಯಿಂದ ಹೊರಟು ಕೊಬುಲೆಟಿ ದಾಟಿ ಒಳನಾಡಿಗೆ ತಿರುಗಿದೆ. ಎಲ್ಲಾ ಚೆನ್ನಾಗಿತ್ತು. ಇಂಧನದ ಮುಳ್ಳು ಇನ್ನೂ ಬೇಕಾದಷ್ಟಿದೆ ಅಂತ ತೋರಿಸ್ತಿತ್ತು.

ಅಷ್ಟರಲ್ಲಿ ಎಂಜಿನ್ ನಿಂತುಹೋಯಿತು.

ಮಿಗ್-21 ಎಂಜಿನ್ ಇಲ್ಲದೆ ತೇಲೋ ವಿಮಾನ ಅಲ್ಲ. ಅದರ ರೆಕ್ಕೆ ಚಿಕ್ಕದು, ಮೈ ಭಾರ. ಎಂಜಿನ್ ಸರಿ ಇದ್ದಾಗಲೂ ನೆಲ ಮುಟ್ಟೋದು ಗಂಟೆಗೆ 300 ಕಿಲೋಮೀಟರಿನ ಆಸುಪಾಸಿನಲ್ಲಿ. ಮತ್ತೆ ಸ್ಟಾರ್ಟ್ ಮಾಡೋಕೆ ಎರಡು ಸಲ ನೋಡಿದೆ, ಆಗಲಿಲ್ಲ. ಇಜೆಕ್ಟ್ ಆದೆ. ಪ್ಯಾರಾಶೂಟ್ ತೆರೆದುಕೊಂಡಿತು. ಬದುಕಿದೆ. ಒಂದು ಆಕಳಿಕೆ ಬಂತು.

ಇಂಧನ ಇದ್ದೂ ಎಂಜಿನ್ ನಿಲ್ಲೋದು ಅಂದ್ರೆ ಬಗ್ ಅಲ್ವಾ? ಹಳೇ ಚಟ, ಬಿಡೋಕಾಗಲ್ಲ, ರೀಪ್ಲೇ ಹಾಕಿ ಕೂತೆ. ಕಾರಣ ಸಿಕ್ಕಿತು, ಮತ್ತೆ ತಪ್ಪು ನನ್ನದೇ. ಮಿಗ್-21ರ ಇಂಧನದ ಮಾಪಕ ಟ್ಯಾಂಕಿನೊಳಗೆ ಎಷ್ಟಿದೆ ಅಂತ ಅಳೆಯೋದೇ ಇಲ್ಲ. ಹೊರಡೋಕೆ ಮುಂಚೆ "ಇಷ್ಟು ತುಂಬಿಸಿದ್ದೀನಿ" ಅಂತ ಪೈಲಟ್ಟೇ ಒಂದು ಗುಂಡಿ ತಿರುಗಿಸಿ ಹೇಳಬೇಕು. ಎಂಜಿನ್ ಕುಡಿದಷ್ಟನ್ನ ಅದು ಅದರಿಂದ ಕಳೀತಾ ಹೋಗುತ್ತೆ, ಅಷ್ಟೇ. ನಾನು ಟ್ಯಾಂಕಿಗೆ ಅರ್ಧ ತುಂಬಿಸಿ ಮಾಪಕಕ್ಕೆ ಪೂರ್ತಿ ಅಂತ ಹೇಳಿದ್ದೆ. ನಾನು ಹೇಳಿದ್ದನ್ನೇ ಅದು ನನಗೆ ತಿರುಗಿ ಹೇಳ್ತಾ ಬಂತು. ನಾನು ಅದನ್ನೇ ನಂಬಿಕೊಂಡೆ.

ಇದನ್ನ ಕಂಡು ನಗು ಬಂತು. ನಗ್ತಾ ರೀಪ್ಲೇ ನಿಲ್ಲಿಸೋದು ಮರೆತೆ. ಪರದೆಯಲ್ಲಿ ಪೈಲಟ್ ತೇಲ್ತಾ ಇಳೀತಿದ್ದ. ನಾನು ವಿಮಾನದ ಕಡೆಗೆ ನೋಟ ತಿರುಗಿಸಿದೆ. ನಾನಿಲ್ಲದ ವಿಮಾನ ಮೂಗು ಕೆಳಗೆ ಹಾಕಿ ಒಂದು ಊರಿನ ಕಡೆಗೆ ಹೋಗ್ತಿತ್ತು. ಕೆಂಪು ಹೆಂಚು, ಬೇಲಿ, ಮರ, ಮಣ್ಣಿನ ದಾರಿ. ಇಪ್ಪತ್ತೋ ಮೂವತ್ತೋ ಮನೆ. ಅದರ ನಡುವೆ ಬಿತ್ತು. ಬೆಂಕಿ, ಹೊಗೆ. ಆಮೇಲೆ ಆ ದೃಶ್ಯ ಹಾಗೇ ಇತ್ತು. ಯಾರೂ ಓಡಿ ಬರಲಿಲ್ಲ. ಯಾರೂ ಇರಲಿಲ್ಲ. ಆ ಮನೆಗಳೊಳಗೆ ಮನುಷ್ಯರನ್ನ ಯಾರೂ ಇಟ್ಟೇ ಇಲ್ಲ.

ಮಿಷನ್ ಮುಗಿದ ಮೇಲೆ ಬರೋ ಪಟ್ಟಿ ತೆರೆದೆ. ಎಂಜಿನ್ ಶುರು, ಟೇಕಾಫ್, ಇಜೆಕ್ಷನ್, ವಿಮಾನ ಪತನ. ಪ್ರತಿಯೊಂದಕ್ಕೂ ಗಂಟೆ, ನಿಮಿಷ, ಸೆಕೆಂಡು.

ಆಗ ಹನುಮಾನಗಢ ನೆನಪಾಯಿತು. 2023ರ ಮೇ 8. ರಾಜಸ್ಥಾನದ ಸೂರತ್‌ಗಢದಿಂದ ಹೊರಟ ಒಂದು ಮಿಗ್-21 ಹನುಮಾನಗಢ ಜಿಲ್ಲೆಯ ಒಂದು ಹಳ್ಳಿಯ ಮನೆ ಮೇಲೆ ಬಿತ್ತು. ಹಾರುವಾಗ ತೊಂದರೆ ಕಾಣಿಸಿತು, ಪೈಲಟ್ ವಿಮಾನ ಉಳಿಸೋ ಪ್ರಯತ್ನ ಮಾಡಿ, ಆಗದೆ ಇಜೆಕ್ಟ್ ಆದರು ಅಂತ ವಾಯುಪಡೆ ಹೇಳಿತು. ಅವರು ಬದುಕಿದರು, ಅದು ಸಮಾಧಾನದ ಸುದ್ದಿ. ಕೆಳಗೆ ಮೂವರು ಹೆಂಗಸರು ತೀರಿಕೊಂಡರು.

ಇದರಲ್ಲಿ ಪೈಲಟ್ಟಿನ ತಪ್ಪು ಹುಡುಕೋಕೆ ನಾನು ಯಾರೂ ಅಲ್ಲ. ಆ ಕೆಲವು ಸೆಕೆಂಡುಗಳಲ್ಲಿ ಒಬ್ಬ ಮನುಷ್ಯ ಏನೆಲ್ಲಾ ಹೊರ್ತಾನೆ ಅಂತ, ಚಹಾ ಚೆಲ್ಲದ ಕುರ್ಚಿಯಲ್ಲಿ ಕೂತವನಿಗೆ ಗೊತ್ತಾಗಲ್ಲ. ನನ್ನನ್ನ ಚುಚ್ಚಿದ್ದು ಬೇರೆ. ಈ ವಿಮಾನದ ಬ್ಯಾಟರಿ ಸ್ವಿಚ್ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಆ ಹಳ್ಳಿಯ ಬಗ್ಗೆ ಆ ದಿನ ಓದಿದ್ದೆ, ಮಾರನೇ ದಿನ ಮರೆತಿದ್ದೆ. "ಫುಲ್ ರಿಯಲ್" ಅಂತ ಎದೆ ತಟ್ಟಿಕೊಳ್ಳೋ ನನ್ನ ರಿಯಲ್ಲಿನಲ್ಲಿ ನೆಲ ಅನ್ನೋದು ಬರೀ ಬಣ್ಣ ಬಳಿದ ಹಾಳೆ. ಮೊರ ಕೆಳಗಿಟ್ಟು ಮೇಲೆ ನೋಡೋ ಒಬ್ಬ ಹೆಂಗಸಿಗೂ ಅಲ್ಲಿ ಜಾಗ ಇಲ್ಲ. ಮೇಲಿದ್ದವನ ಬಗ್ಗೆ ಕೆಳಗಿನವಳು ಯೋಚಿಸ್ತಿದ್ದಳು. ಈಗ ಮೇಲೆ ಕೂತ ನಾನು ಅವಳ ಮೊಮ್ಮಗ.

ಮಾರನೇ ದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಇದನ್ನ ಒಬ್ಬ ಗೆಳೆಯನಿಗೆ ಹೇಳಿದೆ. ಅವನೂ ಗೇಮರ್. ಅವನು ನಕ್ಕ: "ಗುರೂ, ಆಟ ಆಟಾನೇ. ಚೆಸ್‌ನಲ್ಲಿ ಕಾಲಾಳು ಸತ್ತ ಅಂತ ಯಾರಾದ್ರೂ ಸೂತಕ ಮಾಡ್ತಾರಾ?"

ಒಳ್ಳೇ ಪ್ರಶ್ನೆ. ಎರಡು ದಿನ ತಲೆಯಲ್ಲಿ ಇಟ್ಟುಕೊಂಡೆ. ನನಗೆ ಹೊಳೆದ ಉತ್ತರ ಇದು: ಚೆಸ್ ಯಾವತ್ತೂ ನಾನು ಯುದ್ಧ ಅಂತ ಹೇಳಿಕೊಳ್ಳಲ್ಲ. ಅರವತ್ನಾಲ್ಕು ಮನೆ, ಮರದ ಕುದುರೆ. ಸುಳ್ಳು ಹೇಳ್ತಿಲ್ಲ ಅದು. ಆದರೆ "ಇದು ನಿಜದ ಹಾಗೇ ಇದೆ" ಅಂತ ಹೇಳಿದ ಕ್ಷಣ ನಾವು ಒಂದು ದಾವೆ ಹೂಡಿದ ಹಾಗೆ. ದಾವೆ ಹೂಡಿದ ಮೇಲೆ ಯಾವ ನಿಜ, ಯಾರ ನಿಜ ಅನ್ನೋ ಪಾಟೀಸವಾಲಿಗೆ ನಿಲ್ಲಬೇಕಾಗುತ್ತೆ. ಎಂಜಿನ್ನಿನ ನಿಜ ಇದೆ, ಗಾಳಿಯ ನಿಜ ಇದೆ, ಕಾಕ್‌ಪಿಟ್ಟಿನ ನಿಜ ಇದೆ. ಅವಷ್ಟನ್ನೇ ಸೇರಿಸಿ ನೂರಕ್ಕೆ ನೂರು ಅಂತ ನಮಗೆ ನಾವೇ ಅಂಕ ಕೊಟ್ಟುಕೊಂಡಿದ್ದೀವಿ. ಮಾಪಕಕ್ಕೆ ಫುಲ್ ಅಂತ ಹೇಳಿದ್ದು ನಾವೇ. ಅದು ಫುಲ್ ತೋರಿಸ್ತಿದೆ.

ಇನ್ನೊಂದು ಮಾತೂ ನ್ಯಾಯವಾಗಿ ಹೇಳಬೇಕು. ಸಾವನ್ನ ಬಿಡೋದೇ ಸಿಮ್ಯುಲೇಟರಿನ ಧರ್ಮ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಮೊದಲ ತರಬೇತಿ ಯಂತ್ರ ಕಟ್ಟಿದಾಗ ಅದಕ್ಕೆ ಬಳಸಿದ್ದು ಗಾಳಿ ಊದಿ ನುಡಿಸೋ ಆರ್ಗನ್ ವಾದ್ಯದ ಭಾಗಗಳನ್ನ. ಅವರಪ್ಪನದು ಪಿಯಾನೋ, ಆರ್ಗನ್ ತಯಾರಿಸೋ ಕಾರ್ಖಾನೆ. ಅದನ್ನ ಶುರುವಿನಲ್ಲಿ ಕೊಂಡವರಲ್ಲಿ ಜಾತ್ರೆಯ ಆಟದವರೂ ಇದ್ದರು. 1934ರಲ್ಲಿ ಅಮೆರಿಕದ ಸೇನಾ ಪೈಲಟ್‌ಗಳಿಗೆ ಅಂಚೆ ಸಾಗಿಸೋ ಕೆಲಸ ಬಿತ್ತು. ಚಳಿಗಾಲ, ಮಂಜು, ಕತ್ತಲು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಸೇನೆ ಲಿಂಕ್ ಹತ್ತಿರ ಆರು ಯಂತ್ರ ಕೊಂಡಿತು. ಹಾಗಾಗಿ ಸಿಮ್ಯುಲೇಟರಿನಲ್ಲಿ ಸಾವು ಇಲ್ಲದಿರೋದು ಮೋಸ ಅಲ್ಲ, ದಯೆ. ಇಲ್ಲಿ ಹತ್ತು ಸಲ ಬಿದ್ದು ಕಲಿ, ಅಲ್ಲಿ ಬೀಳಬೇಡ ಅಂತ.

ಆದರೆ ಲಿಂಕ್ ಯಂತ್ರದಿಂದ ಇಳಿದ ಪೈಲಟ್ ನಾಳೆ ನಿಜವಾದ ಆಕಾಶಕ್ಕೆ ಹೋಗ್ತಿದ್ದ. ಅಲ್ಲಿ ಬಿಟ್ಟುಹೋದದ್ದೆಲ್ಲಾ ಇಲ್ಲಿ ಲೆಕ್ಕಕ್ಕೆ ಬರ್ತಿತ್ತು. ನಾನು ಇಳಿದು ಹೋಗೋದು ಅಡುಗೆಮನೆಗೆ, ಫ್ರಿಜ್ಜಿನಲ್ಲಿ ಏನಿದೆ ಅಂತ ನೋಡೋಕೆ. ನನ್ನ ಲೆಕ್ಕ ಯಾವತ್ತೂ ಚುಕ್ತಾ ಆಗಲ್ಲ.

"ಉತ್ತರನ ಪೌರುಷ ಒಲೆಯ ಮುಂದೆ" ಅಂತ ಗಾದೆ ಇದೆಯಲ್ಲ, ನಮಗೆ ಹೇಳಿ ಮಾಡಿಸಿದ್ದು. ಹೆಂಗಸರ ನಡುವೆ ಕೂತು ಕೌರವರನ್ನೆಲ್ಲಾ ಸೋಲಿಸ್ತೀನಿ ಅಂದ ಉತ್ತರಕುಮಾರ, ಆ ಸೇನೆ ಕಣ್ಣಿಗೆ ಬಿದ್ದದ್ದೇ ರಥದಿಂದ ಹಾರಿ ಓಡ್ತಾನೆ. ನಾವು ನಗೋದು ಇಲ್ಲಿಗೇ. ನನಗೆ ಈಗೀಗ ಅನಿಸೋದು, ಅವನು ಓಡಿದ ಗಳಿಗೆಯಲ್ಲೇ ಅವನಿಗೆ ಮೊದಲ ಸಲ ಯುದ್ಧ ಕಂಡದ್ದು. ಅದೇ ಹುಡುಗ ಮುಂದೆ ಕುರುಕ್ಷೇತ್ರಕ್ಕೆ ಹೋಗಿ ಮೊದಲನೇ ದಿನವೇ ಶಲ್ಯನ ಕೈಯಲ್ಲಿ ಸಾಯ್ತಾನೆ. ಒಲೆಯ ಮುಂದೆ ಕೂತೇ ಇದ್ದಿದ್ರೆ ಅವನಿಗೆ ಭಯವೂ ಇರ್ತಿರಲಿಲ್ಲ, ಧೈರ್ಯವೂ ಇರ್ತಿರಲಿಲ್ಲ.

ಇದೆಲ್ಲಾ ಒಂದು ಆಟದ ಬಗ್ಗೆ ಮಾತ್ರ ಆಗಿದ್ರೆ ಇಷ್ಟು ಉದ್ದ ಬರೀತಿರಲಿಲ್ಲ. ನನಗೆ ನಿದ್ದೆ ಬಾರದ ಹಾಗೆ ಮಾಡಿದ್ದು ನನ್ನದೇ ಕೆಲಸ.

ಹಿಂದಿನ ಒಂದು ಕಂಪನಿಯಲ್ಲಿ ನಾನು ಸರ್ವಿಸ್ ಹುಡುಗರ ದಿನದ ವೇಳಾಪಟ್ಟಿ ಹಾಕೋ ಸಾಫ್ಟ್‌ವೇರ್ ಬರೆದಿದ್ದೆ. ನೀರಿನ ಫಿಲ್ಟರ್ ರಿಪೇರಿಗೆ ಮನೆಮನೆಗೆ ಹೋಗೋರು. ಒಂದು ಮನೆಯಿಂದ ಇನ್ನೊಂದಕ್ಕೆ ಎಷ್ಟು ಹೊತ್ತು, ಟ್ರಾಫಿಕ್ ಎಷ್ಟು, ಯಾವ ದಾರಿ, ಎಲ್ಲಾ ಲೆಕ್ಕ ಹಾಕಿದ್ವಿ. ಚಂದದ ಕೋಡ್. ಡ್ಯಾಶ್‌ಬೋರ್ಡ್ ಹಸಿರೋ ಹಸಿರು. ಒಂದು ದಿನ ನಮ್ಮ ಮನೆಗೇ ಅವರಲ್ಲೊಬ್ಬ ಬಂದ. ಬೆವರಿಳೀತಿತ್ತು. ನೀರು ಕೊಟ್ಟೆ. ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿತ್ತು, ಕೈಯಲ್ಲಿ ಸಾಮಾನಿನ ಚೀಲ. "ಸರ್, ಈ ಆ್ಯಪ್‌ನವ್ರು ಮೆಟ್ಲು ಹತ್ತೋದನ್ನ ಕೆಲಸ ಅಂತಾನೇ ಲೆಕ್ಕ ಇಟ್ಟಿಲ್ಲ ಸರ್. ಲೇಟಾದ್ರೆ ನಮ್ಮ ರೇಟಿಂಗ್ ಹೋಗುತ್ತೆ" ಅಂದ. ಆ್ಯಪ್‌ನವ್ರು ಅಂದ್ರೆ ನಾನು. ಹೇಳೋಕೆ ಬಾಯಿ ಬರಲಿಲ್ಲ.

ಮಾರನೇ ದಿನ ಹೋಗಿ ಲಾಗ್ ನೋಡಿದೆ. ಮಹಡಿಯ ಬಗ್ಗೆ ಒಂದೇ ಒಂದು ದೂರು ಇರಲಿಲ್ಲ. ಹೇಗಿರುತ್ತೆ? ತಡವಾದದ್ದಕ್ಕೆ ಕಾರಣ ಆರಿಸೋ ಪಟ್ಟಿಯಲ್ಲಿ ನಾವು "ಟ್ರಾಫಿಕ್", "ಗ್ರಾಹಕ ಇರಲಿಲ್ಲ", "ಇತರೆ" ಅಂತ ಮೂರೇ ಕೊಟ್ಟಿದ್ವಿ. ನಮ್ಮ ಮಾಡೆಲ್‌ನಲ್ಲಿ ಊರು ಚಪ್ಪಟೆಯಾಗಿತ್ತು. ಚಪ್ಪಟೆ ಊರಲ್ಲಿ ಯಾರಿಗೂ ಮೊಣಕಾಲು ನೋಯಲ್ಲ.

ಟ್ರಬಲ್‌ಶೂಟಿಂಗ್ ಅನ್ನೋ ವಿದ್ಯೆಯ ಮೇಲೆ ನನಗೆ ಗೌರವ ಇದೆ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಮೊದಲು ನಿನ್ನನ್ನೇ ಅನುಮಾನಿಸು, ಕೈಗೆ ಸಿಕ್ಕ ಮೊದಲ ಕಾರಣಕ್ಕೆ ಕುಣೀಬೇಡ. ಇವು ಬದುಕಿಗೂ ಒಳ್ಳೇ ನಿಯಮಗಳೇ. ಆದರೆ ಆ ವಿದ್ಯೆಗೆ ಒಂದು ಎಲ್ಲೆ ಇದೆ, ಅದು ನನಗೆ ತಡವಾಗಿ ತಿಳಿಯಿತು. ಇರೋದು ಕೆಟ್ಟರೆ ಎರರ್ ಬರುತ್ತೆ. ಇಲ್ಲದೇ ಇರೋದು ಎರರ್ ಕೊಡಲ್ಲ. ಧೂಳು ಹಿಡಿದ ಜಾಯ್‌ಸ್ಟಿಕ್ ಕುಣಿದು ತೋರಿಸುತ್ತೆ. ಮನೆಯೊಳಗೆ ಇಡದ ಮನುಷ್ಯರು ಏನನ್ನೂ ತೋರಿಸಲ್ಲ. ಎಲ್ಲಾ ನುಣ್ಣಗೆ ಓಡುತ್ತೆ. ಎಷ್ಟೋ ಸಲ ನುಣ್ಣಗೆ ಓಡೋದಕ್ಕೆ ಕಾರಣವೇ ಅವರನ್ನ ಬಿಟ್ಟಿರೋದು.

ಹಾಗಾದ್ರೆ ಬಿಟ್ಟವರು ಯಾರು ಅಂತ ತಿಳಿಯೋದು ಹೇಗೆ? ಕೂತಲ್ಲೇ ಕೂತು ತಿಳಿಯಲ್ಲ. ನನಗೆ ತಿಳಿದದ್ದು ಒಬ್ಬ ಹುಡುಗ ನಾಲ್ಕು ಮಹಡಿ ಹತ್ತಿ ಬಂದು ಬಾಗಿಲು ಬಡಿದದ್ದಕ್ಕೆ. ಇನ್ನೊಂದು ತಿಳಿದದ್ದು ನಾನು ಒಂದು ಕಾಲದಲ್ಲಿ ವಿಮಾನದ ಕೆಳಗೆ ನಿಂತಿದ್ದೆ ಅನ್ನೋ ಕಾರಣಕ್ಕೆ. ಹಳ್ಳಿಯಿಂದ ಬಂದ ನಮ್ಮಂಥವರು ಹೆಚ್ಚಿನವರು ಇಂಗ್ಲಿಷಿನ ಅಂಜಿಕೆಯಲ್ಲಿ, ಕಲಿಯೋ ಅವಸರದಲ್ಲಿ ಆ ಕೆಳಗಿನ ನೋಟವನ್ನ ಊರಲ್ಲೇ ಬಿಟ್ಟು ಬರ್ತೀವಿ. ಅದು ಕೀಳರಿಮೆಯ ವಸ್ತು ಅಂತ ಅಂದುಕೊಂಡಿರ್ತೀವಿ. ಅದು ನಮ್ಮ ಹತ್ತಿರ ಇರೋ ಏಕೈಕ ಹೆಚ್ಚುವರಿ ಉಪಕರಣ ಅಂತ ನನಗೀಗ ಅನಿಸ್ತಿದೆ.

ಮೆಟ್ಟಿಲಿನ ಕತೆ ಏನಾಯ್ತು ಅಂತ ಕೇಳ್ತೀರಾ? ಮಹಡಿ ಎಷ್ಟು, ಲಿಫ್ಟ್ ಇದೆಯಾ ಅಂತ ಎರಡು ಹೊಸ ಕಾಲಮ್ ಸೇರಿಸೋಕೆ ಪ್ರಸ್ತಾಪ ಇಟ್ಟೆ. "ಗ್ರಾಹಕರಿಂದ ಇಂಥ ಬೇಡಿಕೆ ಬಂದಿಲ್ಲ" ಅಂತ ಮೂರು ತಿಂಗಳು ತಳ್ಳಿದರು. ಕೊನೆಗೆ ಮಹಡಿ ಸೇರಿತು. ಲಿಫ್ಟ್ ಸೇರಲಿಲ್ಲ. ಆಮೇಲೆ ನಾನು ಕೆಲಸ ಬದಲಿಸಿದೆ, ಸಂಬಳ ಜಾಸ್ತಿ ಅಂತ. ಇದನ್ನೂ ಲಾಗ್‌ನಲ್ಲಿ ಬರೆದಿಡೋದು ಒಳ್ಳೇದು.

ಸಿಮ್ಯುಲೇಟರ್ ಬಿಟ್ಟಿಲ್ಲ. ಬಿಡಬೇಕು ಅಂತಲೂ ಅನಿಸಿಲ್ಲ. ಮಸ್ಟಾಂಗ್ ಈಗ ನೆಟ್ಟಗೆ ಏರುತ್ತೆ, ಬಲಗಾಲಿಗೆ ಅಭ್ಯಾಸ ಆಗಿದೆ. ಆದರೆ "ಫುಲ್ ರಿಯಲ್" ಅನ್ನೋ ಮಾತು ಬಾಯಿಂದ ಹೋಗಿದೆ.

ಹೋದ ವಾರ ಮತ್ತೆ ಮಿಗ್ ಹಾರಿಸ್ತಿದ್ದೆ. ಕಂಪ್ರೆಸರ್ ಸ್ಟಾಲ್ ಆಗಿ ಎಂಜಿನ್ ಸತ್ತಿತು, ಈ ಸಲ ನಿಜವಾಗ್ಲೂ. ಕೆಳಗೆ ಅಂಥದ್ದೇ ಒಂದು ಊರು. ಇಜೆಕ್ಟ್ ಆಗೋಕೆ ಬೆರಳು ಕೀಲಿಯ ಮೇಲಿತ್ತು. ಆಗದೆ, ಮೂಗನ್ನ ಎಡಕ್ಕೆ ಎಳೆದು ಸಮುದ್ರದ ಕಡೆ ತಿರುಗಿಸೋಕೆ ನೋಡಿದೆ. ಎತ್ತರ ಸಾಲಲಿಲ್ಲ. ಊರು ದಾಟಿ, ಒಂದು ಬಯಲಿನಲ್ಲಿ, ನನ್ನ ಸಮೇತ ಬಿತ್ತು. ಪರದೆ ಕೆಂಪಾಯಿತು.

ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು, ಹಾಲಿನ ಲೋಟ ಹಿಡಿದು.

"ಜಿಗಿಲಾಕ ಬರ್ತಿತ್ತಲ್ರೀ, ಯಾಕ ಜಿಗೀಲಿಲ್ಲ?"

"ಕೆಳಗ ಊರಿತ್ತು."

"ಊರಾಗ ಯಾರಿದ್ರು?"

"ಯಾರೂ ಇರ್ಲಿಲ್ಲ."

ಅವಳು ಲೋಟ ಟೇಬಲ್ ಮೇಲಿಟ್ಟು, ಪರದೆ ಒಮ್ಮೆ, ನನ್ನನ್ನ ಒಮ್ಮೆ ನೋಡಿದಳು. "ಮತ್ತ್ಯಾಕ ತಿರುವಿದ್ರಿ?"

"ಕೈಗೆ ರೂಢಿ ಆಗ್ಲಿ ಅಂತ" ಅಂದೆ.